ಹರಳುಕೋಟೆಯ ಮೂರು ಹೆಸರುಗಳು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತು ಮರೆಯದಿದ್ದ ಕಾಲದಲ್ಲಿ, ಹರಳೂರು ಎಂಬ ರಾಜ್ಯವಿತ್ತು. ಅಲ್ಲಿ ಹುಟ್ಟಿದವರ ಎದೆಯಲ್ಲಿ ಬೆಳಕಿನ ಕಾಳುಗಳಿರುತ್ತಿದ್ದವು. ಸೋಡಿಯಂ ಕುಲದವರು ಒಂದು ಕಾಳು ಕೊಡುವವರು, ಅಲ್ಯೂಮಿನಿಯಂ ಕುಲದವರು ಮೂರು. ಕ್ಲೋರಿನ್ ಕುಲದವರು ಒಂದು ಪಡೆಯುವವರು, ಆಕ್ಸಿಜನ್ ಕುಲದವರು ಎರಡು. ಕೊಟ್ಟವರೂ ಪಡೆದವರೂ ಅಂಟಿಕೊಂಡು ಹರಳಾಗುತ್ತಿದ್ದರು. ಅವರ ಜೋಡಿ ಹೆಸರನ್ನು ಸರಿಯಾಗಿ ಕರೆದರೆ ಮತ್ತೆ ಮನುಷ್ಯರಾಗಿ ಮನೆಗೆ ಹೋಗುತ್ತಿದ್ದರು.

ಇದನ್ನು ಕಂಡು ಭಸ್ಮಕೇತು ಎಂಬ ಮಾಂತ್ರಿಕನ ಬಾಯಲ್ಲಿ ನೀರೂರಿತು. ಹರಳುಗಳ ಕಾವಿನಿಂದಲೇ ಅವನು ಬದುಕುತ್ತಿದ್ದ. ಒಂದು ದಿನ ಅವನು ಕೊಳಲೂದಿದ. ಕೇಳಿದವರೆಲ್ಲ ಜೋಡಿ ಹೆಸರು ಕರೆಯುವ ಕ್ರಮವನ್ನೇ ಮರೆತರು. ಕ್ಲೋರಿನ್ ಕುಲದ ಯುವಕರು ಹಸಿರು ಗಿಡುಗಗಳಾಗಿ, ಹಸಿದು, ಬೆಳಕಿನ ಕಾಳಿಗಾಗಿ ಊರೂರು ಹಾರಿದರು. ಅವರು ಹಿಡಿದವರೆಲ್ಲ ಹರಳಾಗಿ ಮಾಂತ್ರಿಕನ ಕೋಟೆ ಸೇರಿದರು.

ಕಬ್ಬಿಣದ ಕುಲದ ಕೇತರಸನೂ ಹಾಗೆಯೇ ಹೋದ. ತಂದೆತಾಯಿ ಇಲ್ಲದ ತಂಗಿ ಇರುವಂತಿಯನ್ನು ಸಾಕಿದವನು ಅವನು. ಅವನಿಲ್ಲದ ಮನೆಯಲ್ಲಿ ಇರುವಂತಿಗೆ ಅನ್ನ ಇಳಿಯಲಿಲ್ಲ. ಅವಳು ಊರ ಹಿರಿಯಳಾದ ಬಯಲಮ್ಮಜ್ಜಿಯ ಬಳಿಗೆ ಓಡಿದಳು. ಅಜ್ಜಿಗೆ ಕಿವಿ ಕೇಳಿಸದು, ಹಾಗಾಗಿ ಕೊಳಲೂ ಕೇಳಿಸಿರಲಿಲ್ಲ, ಕ್ರಮವೂ ಮರೆತಿರಲಿಲ್ಲ. ಕೆಲವೊಮ್ಮೆ ಕಿವುಡೂ ವರವೇ!

"ನೋಡು ಮಗಾ," ಎಂದಳು ಅಜ್ಜಿ. "ಕೊಟ್ಟವನ ಹೆಸರು ಮೊದ್ಲು, ಇದ್ದ ಹಾಗೇ ಹೇಳು. ಪಡೆದವನ ಹೆಸರು ಆಮೇಲೆ. ಅವನ ಹೆಸರಿನ ಬಾಲ ಬದಲಾಗಿರ್ತದೆ. ಕ್ಲೋರಿನ್ ಹೋಗಿ ಕ್ಲೋರೈಡು, ಆಕ್ಸಿಜನ್ ಹೋಗಿ ಆಕ್ಸೈಡು. ಆಮೇಲೆ ಅವರ ಕುಲದ ಗುರುತು ನೆಲದ ಮೇಲೆ ಬರಿ. ಕೊಟ್ಟದ್ದೂ ಪಡೆದದ್ದೂ ಸಮ ಆಗ್ಬೇಕು. ಒಂದು ಕಾಳು ಹೆಚ್ಚುಕಮ್ಮಿ ಆದ್ರೂ ನೀನೇ ಕಲ್ಲಾಗ್ತೀಯ."

"ನಮ್ಮ ಕಬ್ಬಿಣದವರು ಕೊಡೋದು ಎರಡೇ ಅಲ್ವಾ ಅಜ್ಜೀ?" ಎಂದು ಇರುವಂತಿ ಕೂಗಿದಳು. ಅಜ್ಜಿಗೆ ಕೇಳಿಸಲಿಲ್ಲ. ಇರುವಂತಿಯೂ ಮತ್ತೆ ಕೇಳಲಿಲ್ಲ. ಊರೆಲ್ಲ ಎರಡು ಎನ್ನುತ್ತಿತ್ತು, ಇನ್ನು ಕೇಳುವುದೇನು?

ಕೋಟೆಯ ಮೊದಲ ಬಾಗಿಲಲ್ಲಿ ಬೆಳ್ಳಗಿನ ಉಪ್ಪಿನ ಹುಲಿ ನಿಂತಿತ್ತು. "ನನ್ನೊಳಗೆ ಸೋಡಿಯಂ ಇದ್ದಾನೆ, ಕ್ಲೋರಿನ್ ಇದ್ದಾನೆ. ಕರೆ, ಇಲ್ಲವೇ ಕಲ್ಲಾಗು," ಎಂದಿತು. ಒಬ್ಬ ಕೊಡುವುದು ಒಂದು, ಇನ್ನೊಬ್ಬ ಪಡೆಯುವುದು ಒಂದು. ಇರುವಂತಿ NaCl ಎಂದು ಬರೆದು, "ಸೋಡಿಯಂ ಕ್ಲೋರೈಡ್!" ಎಂದು ಕರೆದಳು. ಹುಲಿ ಉದುರಿತು. ಇಬ್ಬರು ಯುವಕರು ಕಣ್ಣುಜ್ಜಿಕೊಳ್ಳುತ್ತ ಎದ್ದರು.

ಎರಡನೆಯ ಬಾಗಿಲಲ್ಲಿ ಕುರಂದವೆಂಬ ಗಟ್ಟಿ ಕಲ್ಲಿನ ಆನೆ. "ನನ್ನೊಳಗೆ ಅಲ್ಯೂಮಿನಿಯಂ, ಆಕ್ಸಿಜನ್. ಕರೆ, ಇಲ್ಲವೇ ಕಲ್ಲಾಗು," ಎಂದಿತು. ಒಬ್ಬನಿಗೆ ಒಬ್ಬ ಎಂದರೆ ಮೂರರಲ್ಲಿ ಒಂದು ಕಾಳು ಮಿಗುತ್ತದೆ. ಆನೆ ಕಾಲೆತ್ತಿತು. ಇರುವಂತಿ ಬೆರಳು ಮಡಚಿದಳು. ಕೊಡುವವರು ಇಬ್ಬರಾದರೆ ಆರು ಕಾಳು, ಪಡೆಯುವವರು ಮೂವರಾದರೂ ಆರೇ. Al₂O₃ ಎಂದು ಬರೆದಳು. ಎಣಿಕೆ ಬರಹದಲ್ಲಿದ್ದರೆ ಸಾಕು, ಹೆಸರಿಗೆ ಬೇಡ. "ಅಲ್ಯೂಮಿನಿಯಂ ಆಕ್ಸೈಡ್!" ಆನೆ ಕರಗಿ ಐವರು ಮನೆಯ ದಾರಿ ಹಿಡಿದರು.

ಮೂರನೆಯ ಬಾಗಿಲಲ್ಲಿ ಕೇತರಸನೇ ನಿಂತಿದ್ದ. ಮೈಯೆಲ್ಲ ಕಂದು ಹರಳು, ಮುಖ ಮಾತ್ರ ಅಣ್ಣನದು. ಒಳಗೆ ಎಷ್ಟು ಗಿಡುಗಗಳಿವೆಯೋ ಕಾಣದು. ಪಕ್ಕದಲ್ಲೇ ಭಸ್ಮಕೇತು ಆ ಹರಳಿನ ಕಾವಿಗೆ ಮೈ ಕಾಯಿಸಿಕೊಳ್ಳುತ್ತ ಕೂತಿದ್ದ.

ಇರುವಂತಿ ತಡಮಾಡಲಿಲ್ಲ. ಎರಡು ಕಾಳಿಗೆ ಎರಡು ಗಿಡುಗ ಎಂದು FeCl₂ ಬರೆದು, "ಕಬ್ಬಿಣ..." ಎನ್ನುವಷ್ಟರಲ್ಲಿ ಅವಳ ಪಾದ ಕಲ್ಲಾಯಿತು, ಮೊಣಕಾಲೂ ಕಲ್ಲಾಯಿತು.

ಮಾಂತ್ರಿಕ ನಕ್ಕ. "ಒಡಹುಟ್ಟಿದವನು ಕೊಟ್ಟದ್ದೆಷ್ಟು ಅಂತ ನಿನಗೇ ಗೊತ್ತಿಲ್ಲವಲ್ಲೇ!"

ಆ ಮಾತು ಅವಳ ಎದೆಗೆ ನಾಟಿತು. ನಿಜ, ಅವನು ಕೊಡುತ್ತಿದ್ದ, ಅವಳು ಪಡೆಯುತ್ತಿದ್ದಳು. ಎಷ್ಟು ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳು ಮುಂದಕ್ಕೆ ಬಾಗಿ ಅಣ್ಣನ ಕಲ್ಲಿನ ಕೈ ಹಿಡಿದು ಅತ್ತಳು.

"ಅಣ್ಣಾ, ನೀನು ಎಷ್ಟು ಕೊಟ್ಟೆ?"

ಕಲ್ಲಿನ ತುಟಿ ಅಲುಗಿತು. "ಮೂರು ಕಣೇ ತಂಗಿ. ಎರಡು ಗಿಡುಗ ನನ್ನನ್ನು ಹುಡುಕಿ ಬಂದಿದ್ವು. ಮೂರನೇದು ನೀನು ಮಲಗಿದ್ದ ಕೋಣೆ ಬಾಗಿಲಿಗೆ ಬಂದಿತ್ತು."

ಇರುವಂತಿಗೆ ದುಃಖ ಉಕ್ಕಿ ಬಂತು. ಕಲ್ಲು ಸೊಂಟಕ್ಕೆ ಏರುತ್ತಿದ್ದರೂ ಅವಳು ನೆಲ ಮುಟ್ಟಿ FeCl₃ ಎಂದು ಬರೆದಳು. ಕಬ್ಬಿಣ ಎರಡೂ ಕೊಟ್ಟೀತು, ಮೂರೂ ಕೊಟ್ಟೀತು. ಅದಕ್ಕೇ ಅದು ಕೊಟ್ಟದ್ದನ್ನು ಹೆಸರಿನಲ್ಲೇ ಹೇಳಬೇಕು. "ಕಬ್ಬಿಣ ಮೂರು ಕ್ಲೋರೈಡ್!" ಎಂದು ಗಂಟಲು ಬಿರಿಯುವಂತೆ ಕರೆದಳು.

ಹರಳು ಒಡೆಯಿತು. ಕೇತರಸ ತಂಗಿಯನ್ನು ತಬ್ಬಿಕೊಂಡ. ಅವಳ ಕಾಲಿನ ಕಲ್ಲೂ ಉದುರಿತು. ಗಿಡುಗಗಳಾಗಿದ್ದ ಮೂವರು ಯುವಕರು ತಲೆತಗ್ಗಿಸಿ ನಿಂತರು. "ಹಸಿವು ನಿಮ್ಮ ತಪ್ಪಲ್ಲ, ನಡೀರಿ ಮನೆಗೆ," ಎಂದ ಕೇತರಸ. ಮೈಗೆ ಕಾವು ಕೊಡುತ್ತಿದ್ದ ಹರಳು ಹೋದದ್ದೇ ಭಸ್ಮಕೇತು ಕೂತಲ್ಲೇ ಬೂದಿಯಾದ. ಊರವರಿಗೆ ಮರೆತ ಕ್ರಮವೆಲ್ಲ ನೆನಪಾಯಿತು. ಅವರು ಕರೆದ ಹಾಗೆಲ್ಲ ಕೋಟೆಯ ಹರಳುಗಳು ಮನುಷ್ಯರಾಗಿ ಹೊರಬಂದವು.

ಅಂದಿನಿಂದ ಹರಳೂರಿನಲ್ಲಿ ಕಬ್ಬಿಣದವರನ್ನು ಕೇಳದೆ ಯಾರೂ ಅವರ ಜೋಡಿ ಹೆಸರು ಹೇಳಲಿಲ್ಲ. ಎಲ್ಲರೂ ಸುಖವಾಗಿದ್ದರು. ಮನೆಗೆ ಮರಳಿದ ಆ ಸಂಜೆ ಇರುವಂತಿ ರೊಟ್ಟಿ ಬಡಿದು ಎಲ್ಲರಿಗೂ ಬಡಿಸಿ, ಅಣ್ಣನ ಎದುರು ಕೂತಳು.

"ನಿನಗೆ ಹೊಟ್ಟೆ ತುಂಬಿತಾ ಅಣ್ಣಾ?"

ತುಂಬಿತು ಎನ್ನಲು ಬಾಯಿ ತೆರೆದ ಕೇತರಸ ಅವಳ ಮುಖ ನೋಡಿದ.

"ಇಲ್ಲ ಕಣೇ," ಎಂದ. "ಇನ್ನೊಂದು ಹಾಕು."