ಸುಟ್ಟ ಸೀರೆಯ ದಡಿ

ಬೈಲಹೊಂಗಲದ ಪೇಟೆಯಲ್ಲಿ ಆ ಬೆಳಿಗ್ಗೆ ಮೊದಲು ಹೊಗೆಯನ್ನು ಕಂಡವಳು ಅಂಗಡಿಯ ಕೆಲಸದಾಕೆ ಲಗಮವ್ವ. ಬಸವಣ್ಣೆಪ್ಪನ ಸೀರೆ ಅಂಗಡಿಯ ಹಿತ್ತಲಿನಿಂದ ಅದು ಸಣ್ಣಗೆ ಏಳುತ್ತಿತ್ತು. ಅವಳ ಕೂಗು ಕೇಳಿ ಬಸವಣ್ಣೆಪ್ಪ ಓಡಿಬಂದಾಗ ಬೆಂಕಿ ಆರಿಹೋಗಿತ್ತು. ಬಾವಿಯ ಪಕ್ಕದ ಕಲ್ಲಿನ ಮೇಲೆ ಸೀರೆಗಳ ಒಂದು ರಾಶಿ ಕರಿಬೂದಿಯಾಗಿ ಬಿದ್ದಿತ್ತು.

ಬೀಗ ಮುರಿದಿರಲಿಲ್ಲ. ಬಾಗಿಲಿಗೆ ಒಂದು ಗೀರೂ ಇರಲಿಲ್ಲ. ಒಳಗಿದ್ದ ರೇಷ್ಮೆ ಸೀರೆಗಳು ಇಟ್ಟಲ್ಲೇ ಇದ್ದವು. ಕಡಿಮೆ ದರದ, ಅಗಲ ದಡಿಯ, ಎಂದರೆ ಅಗಲ ಅಂಚಿನ, ಕೆಂಪು ಸೀರೆಗಳಷ್ಟೇ ಇರಲಿಲ್ಲ.

"ಎದುರಂಗಡ್ಯಾವ್ರ ಕೆಲಸ ಇದು!" ಬಸವಣ್ಣೆಪ್ಪ ಕಟ್ಟೆಯ ಮೇಲೆ ಕುಸಿದು ಕೂತ. "ಮೊದಲ ಗಿರಾಕಿ ಕಸಗೊಂಡ್ರು. ಈಗ ಮಾಲಿಗೆ ಬೆಂಕಿ ಹಚ್ಚಿದ್ರು."

ಗಿರಾಕಿಗಳು ಬರುವುದನ್ನು ಬಿಟ್ಟದ್ದು ನಿಜ. ಹಬ್ಬ ಬಂದು ಹೋಗಿತ್ತು, ಲಗ್ನದ ದಿನಗಳು ಬಂದಿದ್ದವು. ಆದರೂ ಹಳ್ಳಿಯ ಹೆಂಗಸರು ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ.

ಫೌಜದಾರರಿಗೆ ಹೇಳಿದರೆ ಪೇಟೆಯೆಲ್ಲ ಸುದ್ದಿಯಾಗುತ್ತದೆಂದು ಬಸವಣ್ಣೆಪ್ಪ ಕಿತ್ತೂರಿಗೆ ಆಳು ಕಳಿಸಿದ. ಪೊಲೀಸ್ ನೌಕರಿಯಿಂದ ನಿವೃತ್ತನಾದ ಶಟ್ಟೆಪ್ಪ ಜಮಾದಾರ ಅಲ್ಲಿದ್ದ. ಮಧ್ಯಾಹ್ನದ ಹೊತ್ತಿಗೆ ಅವನು ಬಂದಿಳಿದ. ಎತ್ತರದ ಆಳು, ನರೆತ ಮೀಸೆ, ಮಾತು ಕಡಿಮೆ. ಬಂದವನು ಯಾರನ್ನೂ ಮಾತನಾಡಿಸದೆ ನೆಟ್ಟಗೆ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅರ್ಧ ಸುಟ್ಟ ಒಂದು ದಡಿಯ ತುಂಡನ್ನು ಕಡ್ಡಿಯಿಂದ ಎತ್ತಿ, ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಎಲೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡ.

ಒಳಗಿನಿಂದ ಬಸವಣ್ಣೆಪ್ಪನ ಹೆಂಡತಿ ಸಾವಿತ್ರೆವ್ವ ಮಜ್ಜಿಗೆ ತಂದಳು. ಎಡಗೈಯಿಂದ ತಂಬಿಗೆ ನೀಡಿ, ತಲೆ ಎತ್ತದೆ ಒಳಗೆ ಹೋದಳು.

"ಕೀಲಿಕೈ ಯಾರ ಕಡೆ ಇರತಾವ?" ಶಟ್ಟೆಪ್ಪ ಕೇಳಿದ.

"ಒಂದು ನನ್ನ ಉಡದಾರದಾಗ. ಇನ್ನೊಂದು ನಮ್ಮ ಅಂದಾನೆಪ್ಪನ ಕಡೆ. ನನ್ನ ಹೇಂತಿ ತಮ್ಮ. ಮಾಲು ತರಾಂವ ಅಂವನ."

"ಮತ್ತೊಂದು?"

"ಮನ್ಯಾಗ, ಗೂಟಕ್ಕ. ಅದನ್ನ ಯಾರೂ ಮುಟ್ಟೂದಿಲ್ರೀ."

"ಅಂದಾನೆಪ್ಪ ಎಲ್ಲಿದ್ದ?"

ಮೂವತ್ತರ ಆಸುಪಾಸಿನ ಅಂದಾನೆಪ್ಪ ಮುಂದೆ ಬಂದ. ರುಮಾಲು ಅಚ್ಚುಕಟ್ಟು, ಕಣ್ಣು ಒಂದೆಡೆ ನಿಲ್ಲುತ್ತಿರಲಿಲ್ಲ.

"ಸವದತ್ತ್ಯಾಗ ಇದ್ದೆ. ಗೆಳ್ಯಾರ ಮನ್ಯಾಗ ಲಗ್ನ. ಕೇಳಸ್ರಿ ಬೇಕಂದ್ರ. ಇಲ್ಲಿಗೆ ಬಂದದ್ದ ಈಗ."

"ಈ ಕೆಂಪ ಸೀರಿ ಎಲ್ಲಿವು?"

"ರಾಮದುರ್ಗದ್ದು. ಮಾಳಪ್ಪ ನೇಕಾರನ ಮಗ್ಗದ್ದು."

"ಇಷ್ಟ ಸೋವಿ ದರಕ್ಕ?"

"ಪಿಳೇಗಿನಾಗ ಅವ್ರ ಧಂದೆ ಕೂತ ಬಿಟ್ಟೈತಿ. ಕೊಟ್ಟಷ್ಟಕ್ಕ ಕೊಡತಾರ."

ಅವು ಪ್ಲೇಗಿನ ವರ್ಷಗಳು. ಒಂದು ಊರಲ್ಲಿ ಇಲಿ ಬಿದ್ದರೆ ಸಾಕು, ಜನ ಮನೆಗಳಿಗೆ ಬೀಗ ಜಡಿದು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸುದ್ದಿ ತಿಳಿದರೆ ಸರಕಾರದವರು ಊರು ಬಿಡಿಸಿ, ಒಳಗೆ ಬಿಸಿಲು ಬೀಳಲೆಂದು ಮನೆಗಳ ಹಂಚು ತೆಗೆಸುತ್ತಿದ್ದರು. ಯಾವ ಊರಲ್ಲಿ ಎಷ್ಟು ಜನ ಮರಳಿ ಬಂದರು ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಶಟ್ಟೆಪ್ಪ ಬಸವಣ್ಣೆಪ್ಪನ ಕಡೆ ತಿರುಗಿದ. "ಗಿರಾಕಿ ಯಾಕ ಬರವಲ್ಲರು ಅಂತ ಅವರನ್ನ ಕೇಳೀರೇನು?"

"ಕೇಳಲಾರದ ಬಿಡತೇನಿ?" ಬಸವಣ್ಣೆಪ್ಪನ ದನಿಯಲ್ಲಿ ನೋವಿನ ಜೊತೆ ಹಳೆಯ ಹೆಮ್ಮೆಯೂ ಇತ್ತು. "ಪೇಟ್ಯಾಗ ಎಲ್ಲಾರೂ ಗಾದಿ ಮ್ಯಾಲ ಕುಂತ ಗಿರಾಕಿ ದಾರಿ ಕಾಯತಾರ. ನಾ ಹಂಗಲ್ಲ. ಈ ಲಗಮವ್ವನ ಕೈಯಾಗ ನಮೂನಿ ಕೊಟ್ಟ ಹಳ್ಳಿ ಹಳ್ಳಿಗೆ ಕಳಸತೇನಿ. ಯಾವ ದಡಿ ಬೇಕು, ಯಾವ ಬಣ್ಣ ಬೇಕು, ಮನಿ ಮನಿ ಕೇಳ್ಕೊಂಡ ಬರತಾಳ. ಅವ್ರು ಬೇಡಿದ್ದನ್ನ ತರಸತೇನಿ. ಹೋದ ವರ್ಷ ಎಲ್ಲಾರೂ ಅಂದ್ರು — ದಡಿ ಅಗಲ ಬೇಕು, ದರ ಇಳೀಬೇಕು. ತರಿಸಿದೆ. ಮೊದಲ ಕೊಂಡ್ರು, ಆಮ್ಯಾಲ ನಿಂತ ಬಿಟ್ರು. ಮತ್ತ ಕೇಳಿಸಿದೆ. ಒಬ್ಬಾಕಿ ಬಣ್ಣ ಸರಿ ಇಲ್ಲ ಅಂದ್ಲಂತ, ಇನ್ನೊಬ್ಬಾಕಿ ತುಟ್ಟಿ ಆತು ಅಂದ್ಲಂತ. ದರ ಇನ್ನೂ ಇಳಿಸಿದೆ. ಇದ್ದೊಬ್ರೂ ಬರೂದ ಬಿಟ್ರು!"

"ದರ ಇಳಿಸಿದ ಮ್ಯಾಲ ಪೂರಾ ನಿಂತ್ರು?"

"ಹೌದ್ರೀ. ಅದ ತಿಳೀವಲ್ದು."

ಶಟ್ಟೆಪ್ಪ ಲಗಮವ್ವನನ್ನು ನೋಡಿದ. ನಡುವಯಸ್ಸಿನ ವಿಧವೆ, ಬಿಸಿಲಲ್ಲಿ ನಡೆದು ನಡೆದು ಮುಖ ಸುಟ್ಟಿತ್ತು. ಅವಳು ನೆಲ ನೋಡುತ್ತ ನಿಂತಿದ್ದಳು.

"ನಾಳೆ ನನ್ನ ಜೋಡಿ ಬಾ ಯವ್ವಾ. ನೀ ಕೇಳಿದ ಮನೀಗೆ ನಾನೂ ಹೋಗಿ ಕೇಳಬೇಕು."

ಅವಳು ಬೆಚ್ಚಿದಳು. "ಮತ್ತೇನ ಕೇಳೂದೈತ್ರೀ ಅಲ್ಲಿ?"

ಮರುದಿನ ಚಕ್ಕಡಿ ಮೊದಲು ಯರಗಟ್ಟಿಯಲ್ಲಿ ನಿಂತಿತು. ಕಾಡವ್ವ ಎಂಬ ಒಕ್ಕಲಗಿತ್ತಿ ಅಂಗಳಕ್ಕೆ ಬಂದಳು. ಲಗಮವ್ವನ ಗಂಟಿನಲ್ಲಿ ಉಳಿದಿದ್ದ ನಮೂನೆಯ ಕೆಂಪು ಸೀರೆಯೊಂದನ್ನು ಶಟ್ಟೆಪ್ಪ ಕಟ್ಟೆಯ ಮೇಲಿಟ್ಟ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಬಣ್ಣ ಚಲೋ ಇಲ್ರೀ," ಎಂದಳು.

ಪಕ್ಕದ ಮನೆಯವಳು ದಡಿ ಒಪ್ಪಿಗೆಯಿಲ್ಲ ಎಂದಳು. ಅದರಾಚೆಯವಳು ಹೊಸ ಸೀರೆಯೇ ಬೇಡ ಎಂದು ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ಚಕ್ಕಡಿ ಹೊರಟ ಮೇಲೆ ಶಟ್ಟೆಪ್ಪ ಮೆಲ್ಲಗೆ ಕೇಳಿದ, "ನೋಡಿದೇನ ಲಗಮವ್ವ? ಒಬ್ಬಾಕಿ ಬಣ್ಣ ಅಂದ್ಲು, ಒಬ್ಬಾಕಿ ದಡಿ ಅಂದ್ಲು. ಮಡಿಕಿ ಬಿಚ್ಚಿ ನೋಡಿದಾಕಿ ಒಬ್ಬಾಕೀನೂ ಇಲ್ಲ. ಮುಟ್ಟಲೂ ಇಲ್ಲ. ಹೆಣ್ಣಮಕ್ಕಳು ಹೊಸ ಸೀರಿ ಮುಂದ ಇಟ್ರ ಮುಟ್ಟಲಾರದ ಇರತಾರೇನು?"

ಲಗಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅವ್ರು ಸುಳ್ಳ ಹೇಳಿದ್ದು ನಿನಗ ಗೊತ್ತಿತ್ತು. ಹೌದೋ ಅಲ್ಲೋ?"

ಲಗಮವ್ವ ಮುಂದಿನ ದಾರಿಯ ಕಡೆ ಕೈ ತೋರಿದಳು. "ಸಾಲಹಳ್ಳಿಗೆ ನಡೀರಿ. ಬಾಯವ್ವನ ಕೇಳ್ರಿ. ನನ್ನ ಬಾಯಿಲೆ ಬ್ಯಾಡ."

ಸಾಲಹಳ್ಳಿಯ ಬಾಯವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಸೀರೆ ಕಂಡದ್ದೇ ಮೂಲೆಯ ಕೋಲು ತೆಗೆದು ಅದನ್ನು ಅಂಗಳದಾಚೆ ತಳ್ಳಿದಳು.

"ಒಯ್ಯಿ ಅದನ್ನ! ಸರಕಾರದಾಂವ ಬಂದಿ, ಏನು? ಈ ಮನ್ಯಾಗ ಯಾರಿಗೂ ಏನೂ ಆಗಿಲ್ಲ. ಜ್ವರ ಬಂದಿತ್ತು, ಅಷ್ಟ!"

ಯಾರ ಜ್ವರದ ಮಾತನ್ನೂ ಶಟ್ಟೆಪ್ಪ ಎತ್ತಿರಲಿಲ್ಲ. ಅವನು ಜೋಡು ಬಿಚ್ಚಿಟ್ಟು ಅಂಗಳದ ನೆಲದ ಮೇಲೆ ಕೂತ.

"ನಾ ಈಗ ಸರಕಾರದಾಂವ ಅಲ್ಲ ಯವ್ವಾ. ನಿನ್ನ ಮನಿ ಹಂಚು ತಗಸಾಕ ಬಂದಿಲ್ಲ. ಯಾರಿಗೆ ಜ್ವರ ಬಂದಿತ್ತು?"

ಬಾಯವ್ವ ಮೊರದಲ್ಲಿದ್ದ ಜೋಳದ ಮೇಲೆ ಸುಮ್ಮನೆ ಕೈ ಆಡಿಸಿದಳು.

"ಸೊಸಿಗೆ. ಕೃಷ್ಣವ್ವಗ. ಸೀಮಂತಕ್ಕ ನಾನ ತಂದಿದ್ನಿ ಆ ಕೆಂಪ ಸೀರಿ. ಅಗಲ ದಡಿದ ಬೇಕಂತ ಹುಡಿಗಿ ಆಸಿಪಟ್ಟಿತ್ತು. ಉಟ್ಟ ನಾಕ ದಿನಕ್ಕ ತೊಡಿ ಸಂದ್ಯಾಗ ಗಡ್ಡಿ ಎದ್ದತು. ಊರಾಗ ಒಂದೂ ಇಲಿ ಬಿದ್ದಿರಲಿಲ್ಲೋ ಯಪ್ಪಾ. ಯಾರಿಗೂ ಏನೂ ಇರಲಿಲ್ಲ. ಆಕಿಗಷ್ಟ. ಬಸರಿ ಹೆಣ್ಣಮಗಳನ್ನ ಆ ಸೀರ್ಯಾಗ ಮಣ್ಣ ಮಾಡಿದ್ವಿ."

"ಯಾರಿಗೂ ಹೇಳಲಿಲ್ಲ?"

"ಹೇಳಿದ್ರ? ಊರ ಬಿಡಸತಿದ್ರು. ಸುಗ್ಗಿ ದಿನ. ಊರಾವ್ರ ಹೊಟ್ಟಿ ಮ್ಯಾಲ ನಾ ಹೆಂಗ ಹೊಡೀಲಿ? ಬೀಗರಿಗಷ್ಟ ಅಂದ್ನಿ — ಆ ಅಂಗಡಿ ಸೀರಿ ತರಬ್ಯಾಡ್ರಿ ಅಂತ. ಈಕಿಗೂ ಅಂದ್ನಿ." ಅವಳು ಲಗಮವ್ವನ ಕಡೆ ಕೈ ತೋರಿದಳು. "ಈಕಿ ಇಲ್ಲೇ ಕುಂತ ಅತ್ತ ಹ್ವಾದ್ಲು."

ಅಲ್ಲಿಂದ ಶಟ್ಟೆಪ್ಪ ರಾಮದುರ್ಗಕ್ಕೆ ಹೋದ. ಮಾಳಪ್ಪ ನೇಕಾರನ ಮನೆಯಲ್ಲಿ ನಿಂತದ್ದು ಸ್ವಲ್ಪವೇ ಹೊತ್ತು.

"ಅಂದಾನೆಪ್ಪ?" ಮಾಳಪ್ಪ ಮಗ್ಗದಿಂದ ಮುಖ ಎತ್ತಿದ. "ಆ ದರಕ್ಕ ಅಷ್ಟ ಅಗಲ ದಡಿ ನೇಯಾಕ ಆಗೂದಿಲ್ಲ ಅಂತ ಹೋದ ವರ್ಷನ ಹೇಳಿ ಕಳಿಸಿದ್ನಿ. ಅವತ್ತಿಂದ ಈ ಕಡೆ ಹಣಿಕಿ ಹಾಕಿಲ್ಲ."

ಬೈಲಹೊಂಗಲಕ್ಕೆ ಮರಳಿದ ಶಟ್ಟೆಪ್ಪ ಅಂಗಡಿಯ ಬಾಗಿಲು ಹಾಕಿಸಿದ. ಬಸವಣ್ಣೆಪ್ಪ, ಅಂದಾನೆಪ್ಪ, ಲಗಮವ್ವ ಮುಂದಿದ್ದರು. ಸಾವಿತ್ರೆವ್ವ ಒಳಬಾಗಿಲ ಮರೆಯಲ್ಲಿ ನಿಂತಿದ್ದಳು.

ಎಲೆ ಬಿಚ್ಚಿ, ಸುಟ್ಟ ದಡಿಯ ತುಂಡನ್ನು ಶಟ್ಟೆಪ್ಪ ಗಾದಿಯ ಮುಂದಿಟ್ಟ.

"ಎಲ್ಲಾರೂ ಬೂದಿ ನೋಡಿದ್ರಿ. ಉಳಿದದ್ದನ್ನ ಯಾರೂ ನೋಡಲಿಲ್ಲ. ಮುಟ್ಟಬ್ಯಾಡ್ರಿ, ಬಗ್ಗಿ ನೋಡ್ರಿ. ಕಾಲ ಕಡಿ ದಡಿ ಇದು. ಏನ ಕಾಣತೈತಿ?"

"ಎಳಿ ಕಿತ್ತಾವ," ಬಸವಣ್ಣೆಪ್ಪ ಕಣ್ಣು ಕಿರಿದು ಮಾಡಿದ. "ಸಣ್ಣ ಸಣ್ಣ ಕುಣಿಕಿ ಎದ್ದಾವ."

"ಬೆಂಕಿಗೆ ಎಳಿ ಸುಡತಾವ, ಕುಣಿಕಿ ಏಳೂದಿಲ್ಲ. ಇವು ಕಾಲುಂಗರಕ್ಕ ಸಿಕ್ಕ ಎದ್ದಾವ. ನಮ್ಮ ಮನಿಯಾಕಿ ಇದ್ದಾಗ ದಿನಾ ಬೈಕೋತಿದ್ಲು, ಕಾಲುಂಗರ ಸೀರಿ ಹರೀತೈತಿ ಅಂತ. ಮಗ್ಗದಿಂದ ಇಳದ ಸೀರಿಗೆ ಕಾಲುಂಗರ ಎಲ್ಲಿಂದ ತಾಕಬೇಕು? ಯಾವಳೋ ಮುತ್ತೈದಿ ಉಟ್ಟ ಸೀರಿ ಇದು."

ಶಟ್ಟೆಪ್ಪ ತುಂಡನ್ನು ಮತ್ತೆ ಎಲೆಯಲ್ಲಿ ಸುತ್ತಿದ.

"ಉಟ್ಟ ಸೀರಿಗೆ ಗಂಜಿ ಕೊಟ್ಟು ಹೊಸಾದು ಮಾಡ್ಯಾರ. ಈ ದಿನದಾಗ ಇಷ್ಟೊಂದು ಮುತ್ತೈದ್ಯಾರ ಸೀರಿ ಒಂದ ಕಡೆ ಎಲ್ಲಿ ಸಿಗತಾವ? ಜನ ಬಿಟ್ಟು ಹೋದ ಮನಿಗಳಾಗ. ಪಿಳೇಗಿನ ಮನ್ಯಾಗ. ಸಾಲಹಳ್ಳಿ ಕೃಷ್ಣವ್ವ ಇದನ್ನ ಉಟ್ಟ ಸತ್ತಳು. ಸುದ್ದಿ ಬೀಗರಿಂದ ಬೀಗರಿಗೆ ಹೋತು. ಬಾಯಿ ಬಿಟ್ರ ಊರ ಬಿಡಸತಾರ ಅಂತ ಹೆಣ್ಣಮಕ್ಕಳು ಬಣ್ಣದ ಮ್ಯಾಲ, ದಡಿ ಮ್ಯಾಲ ತಪ್ಪ ಹಾಕಿದ್ರು. ನೀವು ದರ ಇಳಿಸಿದ್ರಿ, ಅವ್ರ ಸಂಶೆ ಖರೇ ಆತು. — ಅಂದಾನೆಪ್ಪ, ಮಾಳಪ್ಪನ ಮಗ್ಗದ್ದು ಅಂದಿ. ಮಾಳಪ್ಪನ್ನ ನೋಡಿ ಬಂದೇನಿ."

"ಸುಳ್ಳು! ನಾನ ತಂದಿದ್ರ ನಾನ ಯಾಕ ಸುಡಲಿ?" ಅಂದಾನೆಪ್ಪ ಎದ್ದು ನಿಂತ.

"ನೀ ಸುಟ್ಟಿಲ್ಲ. ನೀ ಸವದತ್ತ್ಯಾಗ ಇದ್ದದ್ದು ಖರೇನ, ಕೇಳಿಸೇನಿ. ಸುಟ್ಟಾವ್ರಿಗೆ ಮನಿ ಗೂಟದ ಕೀಲಿಕೈ ಸಿಗತಿತ್ತು." ಶಟ್ಟೆಪ್ಪನ ದನಿ ಇಳಿಯಿತು. "ಬಂದ ದಿನ ತಾಯಿ ನನಗ ಮಜ್ಜಿಗಿ ಕೊಟ್ರು. ಎಡಗೈಲೆ ಕೊಟ್ರು. ಮನಿಗೆ ಬಂದಾಂವಗ ಇಂಥಾ ಮನಿಯಾಕಿ ಎಡಗೈಲೆ ಕೊಡಾಕ ಕಾರಣ ಇರಬೇಕು. ಬಲಗೈ ಸೆರಗಿನಾಗ ಇತ್ತು."

ಸಾವಿತ್ರೆವ್ವ ಬಾಗಿಲಿನಿಂದ ಹೊರಗೆ ಬಂದಳು. ಸೆರಗು ಸರಿಸಿ ಬಲಗೈ ಮುಂದೆ ಹಿಡಿದಳು. ಅಂಗೈ ತುಂಬ ಬೊಬ್ಬೆ.

"ನಾನ ಸುಟ್ಟೆ. ಲಗಮವ್ವ ನನ್ನ ಮುಂದ ಅತ್ತಿದ್ಲು. ದೀಪ ಹಿಡದ ಒಂದೊಂದ ಸೀರಿ ಬಿಚ್ಚಿ ನೋಡಿದೆ. ಒಂದರ ಸೆರಗಿಗೆ ಕೂಸಿನ ಕಾಡಗಿ ಹತ್ತಿತ್ತು."

"ನನ್ನ ಮುಂದ ಯಾಕ ಹೇಳಲಿಲ್ಲ?" ಬಸವಣ್ಣೆಪ್ಪ ಕೇಳಿದ.

"ನಮ್ಮವ್ವ ಸಾಯೂ ಮುಂದ ಇವನ ಕೈ ನನ್ನ ಕೈಯಾಗ ಇಟ್ಟಿದ್ಲು. ಸುಟ್ರ ಇಲ್ಲಿಗೆ ಮುಗೀತು ಅಂದ್ಕೊಂಡೆ. ಇವನೂ ಉಳೀತಾನ ಅಂದ್ಕೊಂಡೆ."

"ಅಕ್ಕಾ..." ಅಂದಾನೆಪ್ಪ ಅಕ್ಕನ ಕೈ ನೋಡಿದ. ಅಲ್ಲೇ ಕೂತ. "ಬೀಗ ಹಾಕಿದ ಮನಿ ಹೊಕ್ಕ ತಂದಾವ್ರ ಕಡೆ ತಗೊಂಡೆ. ತೊಳದ್ರ ಬಣ್ಣ ಹೋಗತಿತ್ತು. ಬಿಸಲಿಗೂ ಹಾಕಲಿಲ್ಲ. ಗಂಜಿ ಚಿಮುಕಿಸಿ ಮಡಿಕಿ ಹಾಕಿಸಿದೆ. ಸಾಯತಾರ ಅಂತ ಗೊತ್ತಿರಲಿಲ್ಲ ಮಾವಾ! ಗಿರಾಕಿ ಬೇಡಿದ್ದನ್ನ ತಾ, ಎಲ್ಲಿಂದರ ತಾ ಅಂತ ನೀವ ಅಂದ್ರಿ. ಆ ದರಕ್ಕ ಅದು ಎಲ್ಲೂ ಸಿಗಲಿಲ್ಲ."

ಬಸವಣ್ಣೆಪ್ಪ ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಎಲ್ಲಿಂದ ತಂದೆ ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ. ಆ ಮಾತು ಅವನ ಮುಖದ ಮೇಲೆ ನಿಧಾನವಾಗಿ ಇಳಿಯುತ್ತಿರುವುದನ್ನು ಶಟ್ಟೆಪ್ಪ ಕಂಡ.

ಅಂದಾನೆಪ್ಪನನ್ನು ಫೌಜದಾರರ ಕಚೇರಿಗೆ ಒಯ್ದ ಮೇಲೆ ಬಸವಣ್ಣೆಪ್ಪ ಲಗಮವ್ವನನ್ನು ಕರೆದ.

"ಸುಟ್ಟವು ಅಂಗಡ್ಯಾಗ ಉಳದಿದ್ದವು. ಮಾರಿದ್ದು ಯಾರ್ಯಾರ ಮನ್ಯಾಗ ಅದಾವ, ನಿನಗ ನೆನಪೈತೇನು?"

"ಎಲ್ಲಾ ಮನಿ ನೆನಪದಾವ್ರಿ ಸಾವ್ಕಾರ್ರ."

"ಚಕ್ಕಡಿ ಹೂಡಸತೇನಿ. ನಡಿ."

"ಏನಂತ ಹೇಳೂದ್ರಿ?"

"ಪಿಳೇಗಿನ ಸೀರಿ ಮಾರೇನಿ, ಹೊರಗ ತಗೀರಿ, ಸುಡ್ರಿ ಅಂತ."

"ಅಂಗಡಿ ಮುಳಗತೈತ್ರಿ," ಶಟ್ಟೆಪ್ಪ ಎಚ್ಚರಿಸಿದ.

"ಮುಳಗಲಿ."

ಸಾವಿತ್ರೆವ್ವ ಅರಿವೆ ಸುತ್ತಿದ ಕೈಯೊಂದಿಗೆ ತಾನೇ ಬಂದು ಚಕ್ಕಡಿ ಏರಿದಳು. ಗಂಡ ಬೇಡ ಎನ್ನಲಿಲ್ಲ.

ಯರಗಟ್ಟಿಯಲ್ಲಿ ಬೈಗುಳ ತಿಂದರು. ಇನ್ನೊಂದು ಊರಲ್ಲಿ ಕಲ್ಲು ಬಿದ್ದವು. ಸಾಲಹಳ್ಳಿಯ ಬಾಯವ್ವ ಬಾಗಿಲು ತೆರೆಯಲಿಲ್ಲ. ಬಸವಣ್ಣೆಪ್ಪ ಅವಳ ಹೊಸ್ತಿಲಿಗೆ ಹಣೆ ಹಚ್ಚಿ ಎದ್ದ. ಸಿಕ್ಕ ಸೀರೆಗಳನ್ನೆಲ್ಲ ಊರಾಚೆ ಸುಡುತ್ತ ಚಕ್ಕಡಿ ಮುಂದೆ ಹೋಯಿತು.

ತೊರಗಲ್ಲಿನ ಕೋಟೆಯ ಕೆಳಗೆ ಸೀರೆ ಕೊಂಡಿದ್ದ ರಾಯವ್ವ ಎಂಬವಳ ಮನೆಗೆ ಬಂದಾಗ ಬಾಗಿಲಿಗೆ ಬೀಗವಿತ್ತು. ಓಣಿಯ ಮುದುಕನೊಬ್ಬ ದೂರದಿಂದಲೇ ಹೇಳಿದ:

"ಈ ಓಣಿ ಮಂದಿ ಎಲ್ಲಾ ಅಡವ್ಯಾಗ ಗುಡಸಲಾ ಹಾಕ್ಯಾರ. ರಾಯವ್ವ ಜ್ವರದಾಗ ಹ್ವಾದ್ಲು. ಅಕಿ ಮಗಳೂ ಮೊನ್ನಿ ಹ್ವಾತು."

ಬಸವಣ್ಣೆಪ್ಪ ಆ ಬೀಗ ಹಾಕಿದ ಬಾಗಿಲ ಮುಂದೆ ಕೂತುಬಿಟ್ಟ. ಸಾವಿತ್ರೆವ್ವ ಗೋಡೆ ಹಿಡಿದು ನಿಂತಳು. ಹೊತ್ತು ಇಳಿಯುತ್ತಿತ್ತು.

ಲಗಮವ್ವ ಹತ್ತಿರ ಬಂದು ಮೆಲ್ಲಗೆ ಅಂದಳು:

"ಏಳ್ರಿ ಸಾವ್ಕಾರ್ರ. ಮುಂದಿನ ಓಣ್ಯಾಗ ಸೀರಿ ಕೊಟ್ಟ ಇನ್ನೊಂದು ಮನಿ ಐತಿ. ಅಲ್ಲಿ ಒಲಿ ಹೊಗಿ ಕಾಣಾಕ ಹತ್ತೇತಿ."

ಅವನು ಗೋಡೆಗೆ ಕೈಕೊಟ್ಟು ಎದ್ದ.