ಪಾಸಾದ ನೀರು

ಸೋಮವಾರ ಬೆಳಗ್ಗೆ ಎಂಟೂವರೆಗೆ ಠಾಣೆಗೆ ಬಂದ ಹೆಂಗಸು ಆರು ತಿಂಗಳ ಬಸುರಿ. ಚೀಲದಿಂದ ಒಂದು ಬಾಟಲಿ ತೆಗೆದು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟಳು. ಒಳಗಿದ್ದ ನೀರು ಗಿಣಿಹಸಿರು.

ಅವಳ ಮನೆ ಇರುವುದು ಕಾರ್ಖಾನೆಯ ಗೋಡೆಗೆ ಅಂಟಿಕೊಂಡ ಬೀದಿಯಲ್ಲಿ. ಬಾಗಿಲ ಮುಂದಿನ ಬೋರ್‌ವೆಲ್ ಪಂಪಿನಲ್ಲಿ ಅಂದು ಬಂದದ್ದು ಇದೇ ನೀರು. ಯಾರೋ ವಿಷ ಹಾಕಿದ್ದಾರೆಂದು ದೂರು. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದ್ದಕ್ಕೆ, ಬೀದಿಯಲ್ಲಿ ಜಗಳಕ್ಕೇನೂ ಬರವಿಲ್ಲ, ಆದರೆ ವಿಷ ಹಾಕುವಷ್ಟು ಪುರುಸೊತ್ತು ಯಾರಿಗೂ ಇಲ್ಲ ಎಂದಳು. ಹಿಂದೆ ಎರಡು ಸಲ ಗರ್ಭ ನಿಲ್ಲಲಿಲ್ಲ, ಇದು ಮೂರನೆಯದು ಎಂಬುದನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳಿದಳು. ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಬಾವಿಗೆ ಏನಾದರೂ ಸುರಿಯಬೇಕಾದರೆ ಪಂಪಿನ ತಲೆ ಬಿಚ್ಚಬೇಕು. ಅದರ ಬೋಲ್ಟುಗಳ ಮೇಲೆ ತುಕ್ಕು ಹೆಪ್ಪುಗಟ್ಟಿತ್ತು, ಕೆರೆದ ಗುರುತೂ ಇಲ್ಲ. ಹೆಡ್ ಕಾನ್‌ಸ್ಟೆಬಲ್ ಬಾಟಲಿ ಹಿಡಿದು ಬೀದಿಯ ಎಲ್ಲ ಪಂಪುಗಳನ್ನೂ ಒತ್ತಿ ಬಂದಳು. ಗೋಡೆಯ ಪಕ್ಕದವೆಲ್ಲ ಹಸಿರು, ಎದುರು ಸಾಲಿನವು ತಿಳಿ.

"ಹಾಗಾದ್ರೆ ವಿಷ ಹಾಕಿದವನು ನಡ್ಕೊಂಡು ಬಂದಿಲ್ಲ," ಎಂದ ಇನ್‌ಸ್ಪೆಕ್ಟರ್. "ಹರ್ಕೊಂಡು ಬಂದಿದ್ದಾನೆ."

ದೂರು ಕೊಟ್ಟವಳ ಅಡುಗೆಮನೆಯ ಗೋಡೆಯಲ್ಲಿ ನೀರಿನ ಪರೀಕ್ಷೆಯ ವರದಿ ತೂಗುತ್ತಿತ್ತು: ಕುಡಿಯಲು ಯೋಗ್ಯ. ಬಂದವರಿಗೆಂದು ಆಕೆ ಕ್ಯಾನಿನಿಂದ ನೀರು ಬಗ್ಗಿಸಿದಳು. ಬೋರು ಇರುವ ಮನೆಯಲ್ಲಿ ಕ್ಯಾನು ಯಾಕೆ ಎಂದು ಇನ್‌ಸ್ಪೆಕ್ಟರ್ ಕೇಳಿದ.

"ನಮ್ಮಣ್ಣ ಹೊತ್ಕೊಂಡು ಬರ್ತಾನೆ ಸರ್, ನಾನು ಬಸುರಿ ಅಂತ ಗೊತ್ತಾದಾಗಿಂದ. ಬೋರಿನ ನೀರು ಕುಡೀಬೇಡ ಅಂತ ಒಂದೇ ಹಟ. ನನಗಿದು ಗಂಟಲಲ್ಲಿ ಇಳಿಯಲ್ಲ, ಪ್ಲಾಸ್ಟಿಕ್ ವಾಸನೆ. ಪಾತ್ರೆ ತೊಳೆಯೋಕೆ ಕ್ಯಾನು, ಕುಡಿಯೋಕೆ ಬೋರು. ಆ ರಿಪೋರ್ಟ್ ತೋರಿಸಿ ಅಂದೆ, ನೀರು ಪಾಸಾಗಿದೆ ಕಣೋ, ನಿನ್ನ ಹಾಗೆ ಹತ್ತನೇ ಕ್ಲಾಸಲ್ಲಿ ಡುಮ್ಕಿ ಹೊಡೆದಿಲ್ಲ ಅಂತ."

"ಅದಕ್ಕೆ ಅವನೇನಂದ?"

"ನಗ್ಲಿಲ್ಲ."

ಅಣ್ಣನ ಕೆಲಸ ಎಲ್ಲಿ ಎಂದರೆ, ಗೋಡೆಯಾಚೆ ಕೈ ತೋರಿಸಿದಳು. ಲೋಹಕ್ಕೆ ಹೊಳಪಿನ ಲೇಪ ಕೊಡುವ ಕಾರ್ಖಾನೆ ಅದು. ಅವನು ಅಲ್ಲಿ ಕೊಳಕು ನೀರು ಶುದ್ಧ ಮಾಡುವ ಘಟಕದ ಆಪರೇಟರ್.

ಬುಧವಾರ ಪ್ರಯೋಗಾಲಯದ ಕೆಮಿಸ್ಟ್ ಫಲಿತಾಂಶ ಹೇಳಿದಳು. ಹಸಿರು ಬಣ್ಣ ಪೈಪಿನ ಸೋರಿಕೆ ಹುಡುಕಲು ಬಳಸುವ ಪುಡಿಯದು, ಅದರಿಂದ ಯಾರಿಗೂ ಏನೂ ಆಗದು. ಆದರೆ ಬಣ್ಣದ ಜೊತೆಗೆ ಲೋಹಕ್ಕೆ ಹೊಳಪು ಕೊಡಲು ಬಳಸುವ ಕ್ರೋಮಿಯಂ ಇದೆ, ಮಿತಿಗಿಂತ ಎಷ್ಟೋ ಪಟ್ಟು. ಅದು ಕುಡಿಯುವ ನೀರಲ್ಲ.

"ಆರು ತಿಂಗಳ ಹಿಂದೆ ನೀವೇ ಪಾಸ್ ಮಾಡಿದ್ರಲ್ಲ ಮೇಡಂ?"

"ಉಪ್ಪು, ಗಡಸು, ಕ್ರಿಮಿ ಇಷ್ಟು ನೋಡಿ ಅಂದಿದ್ರು, ನೋಡಿದ್ವಿ. ಕೇಳದೇ ಇರೋದನ್ನ ನಾವು ನೋಡಲ್ಲ."

ಪರೀಕ್ಷೆ ಮಾಡಿಸಿ ವರದಿಯನ್ನು ಮನೆಮನೆಗೆ ಹಂಚಿದ್ದು ಕಾರ್ಖಾನೆಯೇ.

ಅಂದೇ ಮಧ್ಯಾಹ್ನ ಮೂರಕ್ಕೆ ಪಂಚರೊಡನೆ ಕಾರ್ಖಾನೆ ಹೊಕ್ಕರು. ಮ್ಯಾನೇಜರ್ ಹೊಸ ಬಣ್ಣ ಬಳಿದ ತೊಟ್ಟಿಗಳನ್ನು ಮದುವೆ ಹೆಣ್ಣನ್ನು ತೋರಿಸಿದಂತೆ ಒಂದೊಂದಾಗಿ ತೋರಿಸಿದ. ಹೆಡ್ ಕಾನ್‌ಸ್ಟೆಬಲ್ ಮಾತ್ರ ಶೆಡ್ಡಿನ ಹಿಂದೆ, ಬೀಗ ಹಾಕಿದ ಕಬ್ಬಿಣದ ಮುಚ್ಚಳದೆದುರು ನಿಂತಿದ್ದಳು.

"ಅದು ಬತ್ತಿದ ಬೋರು, ಮುಚ್ಚಿ ವರ್ಷಗಳಾದ್ವು," ಎಂದ ಮ್ಯಾನೇಜರ್.

"ಬೀಗಕ್ಕೆ ಎಣ್ಣೆ ಹಾಕಿದೆಯಲ್ಲ ಸರ್."

ತೆರೆಯದ ಬೀಗಕ್ಕೆ ಯಾರೂ ಎಣ್ಣೆ ಹಾಕುವುದಿಲ್ಲ. ಮ್ಯಾನೇಜರ್ ಫೋನು ನೋಡತೊಡಗಿದ. ಕೀಲಿ ಆಪರೇಟರ್ ಬಳಿ ಇತ್ತು. ಕರೆಸಿದಾಗ ಅವನು ಯಾವ ತಕರಾರೂ ಮಾಡದೆ ಬಂದು ತಾನೇ ಬೀಗ ತೆಗೆದ. ತೊಟ್ಟಿಯಿಂದ ಬಂದ, ವಾಲ್ವು ಕೂರಿಸಿದ ಒಂದು ಪೈಪು ನೇರ ಬಾವಿಯೊಳಕ್ಕಿಳಿದಿತ್ತು. ಅದರ ಅಂಚೆಲ್ಲ ಗಿಣಿಹಸಿರು.

"ಬಣ್ಣ ಯಾರು ಹಾಕಿದ್ದು?"

"ನಾನೇ."

"ಯಾಕೆ?"

"ಬಣ್ಣ ಇಲ್ಲದ್ದನ್ನ ಐದು ವರ್ಷದಿಂದ ಬಿಡ್ತಾ ಇದ್ದೀನಿ ಸರ್. ಯಾರೂ ಬರ್ಲಿಲ್ಲ."

ಸಂಜೆ ಐದೂವರೆಗೆ ಆಪರೇಟರ್ ಮತ್ತು ಮ್ಯಾನೇಜರ್ ಇಬ್ಬರನ್ನೂ ಬಂಧಿಸಲಾಯಿತು. ಬಾವಿಗೆ ವಿಷದ ನೀರು ಬಿಟ್ಟಿದ್ದಕ್ಕೆ ಇನ್‌ಸ್ಪೆಕ್ಟರ್ ತಾನಾಗಿಯೇ ಎರಡನೇ ಎಫ್‌ಐಆರ್ ದಾಖಲಿಸಿದ. ಬಿಡಿ ಎಂದವನು ಮ್ಯಾನೇಜರ್, ಬಿಟ್ಟ ಕೈ ಆಪರೇಟರನದು. ಆ ಕೈಗೆ ಎರಡು ಕೇಸು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಬಂಡೆಯ ಕೆಳಗೆ ಹೋದದ್ದು ಎಲ್ಲಿಗೂ ಹೋಗದು ಎಂದು ಕಾರ್ಖಾನೆಯವರು ಹೇಳಿದ್ದರು. ನಂಬಿದರೆ ಕೆಲಸ ಉಳಿಯುತ್ತಿತ್ತು, ನಂಬಿದ. ತಂಗಿಗೆ ಎರಡನೇ ಸಲವೂ ಹಾಗಾದಾಗ ನಂಬಿಕೆ ಬಿರುಕು ಬಿಟ್ಟಿತು. ನೀರು ಕೆಟ್ಟಿದೆ ಎಂದರೆ ಕೆಡಿಸಿದವರ್‍ಯಾರು ಎಂದೂ ಹೇಳಬೇಕಾಗುತ್ತಿತ್ತು. ಅದು ಬಾಯಿಗೆ ಬರಲಿಲ್ಲ. ಕ್ಯಾನು ಹೊತ್ತ. ಅವಳು ಕುಡಿಯಲಿಲ್ಲ. ಕಣ್ಣಿಗೆ ಕಂಡರಾದರೂ ಬಿಟ್ಟಾಳು ಎಂದು ಪುಡಿ ಸುರಿದ.

ಸುದ್ದಿ ತಿಳಿದು ತಂಗಿ ಠಾಣೆಗೆ ಬಂದಳು. ನೇರ ಲಾಕಪ್ಪಿನ ಸರಳುಗಳ ಬಳಿ ಹೋದಳು.

"ಹೋದ ಎರಡು ಸಲಾನೂ ವಾಲ್ವು ನಿನ್ನ ಕೈಲೇ ಇತ್ತಾ ಅಣ್ಣ?"

ಅವನು ತಲೆ ಎತ್ತಲಿಲ್ಲ. "ಇತ್ತು."

ಬಣ್ಣದಿಂದ ಹಾನಿಯಿಲ್ಲವೆಂದು ಪ್ರಯೋಗಾಲಯವೇ ಹೇಳಿದೆ, ನೀನು ಒಪ್ಪಿ ಬರೆದುಕೊಟ್ಟರೆ ನಿನ್ನ ದೂರು ಕೈಬಿಡುವಂತೆ ಕೋರ್ಟನ್ನು ಕೇಳಬಹುದು ಎಂದು ಇನ್‌ಸ್ಪೆಕ್ಟರ್ ಅವಳಿಗೆ ವಿವರಿಸಿದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು, ಪೆನ್ನು ತೆಗೆದುಕೊಂಡಳು.

"ಹಸಿರಿನ ಕೇಸು ಬಿಟ್ಬಿಡಿ ಸರ್," ಎಂದಳು. "ಇನ್ನೊಂದನ್ನ ಬಿಡಬೇಡಿ."