ಏಡಿ ಮತ್ತು ಗುರುವಾರದ ದೋಣಿ

ಮೊದಲ ಸಲ ನನ್ನ ದೋಣಿ ಹತ್ತಿದಾಗ ಆ ಮನುಷ್ಯ ಒಂದು ಸಲವೂ ನಗಲಿಲ್ಲ.

ಬೇರೆಯವರೆಲ್ಲ ನಕ್ಕರು. ನಗದೆ ಏನು ಮಾಡುತ್ತಾರೆ? ಗೋಲ್ಡ್ ಕೋಸ್ಟಿನ ನಮ್ಮ ಸಿನಿಮಾ ಪಾರ್ಕಿನಲ್ಲಿ ಒಂಬತ್ತು ವರ್ಷದಿಂದ ಕಾಡುನದಿಯ ದೋಣಿ ನಡೆಸುತ್ತಿದ್ದೇನೆ. ಎದುರಿಗೆ ನಲವತ್ತು ಜನ, ಕೈಯಲ್ಲೊಂದು ಮೈಕು, ಬಾಯಿಗೆ ಬೀಗವಿಲ್ಲ.

"ಬಲಗಡೆ ಇರೋ ಮೊಸಳೆ ತುಂಬಾ ಡೇಂಜರಸ್. ಬಾಯಿಗೆ ಕೈ ಹಾಕಿದ್ರೆ ಕಚ್ಚಲ್ಲ, ಕರೆಂಟ್ ಹೊಡೆಯುತ್ತೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಮೂರನೇ ಸಾಲಿನಲ್ಲಿ ಮಾತ್ರ ಒಬ್ಬ ಸ್ಟಾಪ್‌ವಾಚು ನೋಡುತ್ತ ಕೂತಿದ್ದ. ಮೂಗಿನ ಮೇಲೆ ಸರಿಯಾಗಿ ಉಜ್ಜದ ಸನ್‌ಸ್ಕ್ರೀನ್ ಬೆಳ್ಳಗೆ ಕಾಣುತ್ತಿತ್ತು. ನನಗೆ ರೇಗಿತು.

"ಮೂರನೇ ಸಾಲಿನ ಸಾಹೇಬ್ರೇ, ಮೊಸಳೆ ಈ ಕಡೆ ಇದೆ. ಹಣೆಬರಹ ಓದೋ ಹಾಗೆ ವಾಚ್ ನೋಡ್ತಿದೀರಲ್ಲ!"

ಅವನು ತಲೆ ಎತ್ತಿದ. ದೊಡ್ಡ ಕಪ್ಪು ಕಣ್ಣು, ನಿದ್ದೆಯಿಂದ ಈಗ ಎದ್ದವನಂತೆ ಸ್ವಲ್ಪ ಗಾಬರಿ. ನನ್ನನ್ನೇ ನೋಡಿದ, ಆಮೇಲೆ ಮೊಸಳೆಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಮುಂದಿನ ಜೋಕು ಏನೆಂದು ನನಗೇ ಮರೆತುಹೋಯಿತು. ಒಂಬತ್ತು ವರ್ಷದಲ್ಲಿ ಹಾಗೆ ಆಗಿದ್ದು ಅದೇ ಮೊದಲು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಮತ್ತೆ ಕಂಡ. ನಮ್ಮ ಎಲೆಕ್ಟ್ರಿಷಿಯನ್ ಬ್ಯಾಝ್ ಸಾಸೇಜ್ ರೋಲ್ ಅಗಿಯುತ್ತ ಗುಟ್ಟು ಹೇಳುವ ದನಿಯಲ್ಲಿ, ಅಂದರೆ ಅರ್ಧ ಕ್ಯಾಂಟೀನಿಗೆ ಕೇಳಿಸುವ ಹಾಗೆ ಹೇಳಿದ: "ಅವನ್ಯಾರು ಗೊತ್ತೇನೇ ಮರೇತಾ? ನಿನ್ನ ದೋಣಿಗೆ ಮಂಗಳ ಹಾಡೋಕೆ ಬಂದಿರೋನು!"

ಹೆಸರು ಸ್ತಾವ್ರೋಸ್, ಎಲ್ಲರೂ ಕರೆಯುವುದು ಸ್ತಾವ್. ಮೆಲ್ಬರ್ನಿನ ಗ್ರೀಕರ ಹುಡುಗ, ಪಾರ್ಕಿನ ಸವಾರಿಗಳನ್ನು, ಅಂದರೆ ರೈಡುಗಳನ್ನು ವಿನ್ಯಾಸ ಮಾಡುವವನು. ನನ್ನ ಕಾಡುನದಿಗೆ ವಯಸ್ಸಾಗಿತ್ತು. ಅದನ್ನು ಮುಚ್ಚಿ, ಆ ಜಾಗದಲ್ಲಿ ಒಂದು ಸಿನಿಮಾದ ಹೆಸರಿನ ಹೊಸ ಸವಾರಿ ಕಟ್ಟುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಕೊನೆಗೆ ಎರಡು ಸಿನಿಮಾ ಉಳಿದಿದ್ದವು. ಒಂದು 'ಏಡಿ ಬಂತು': ಬಸ್ಸಿನಷ್ಟು ದೊಡ್ಡ ಏಡಿ ಊರಿಗೆ ಊರನ್ನೇ ಅಟ್ಟಿಸಿಕೊಂಡು ಹೋಗುವ ಚಿತ್ರ. ಇನ್ನೊಂದು 'ಗುರುವಾರದ ದೋಣಿ': ಹಳೇ ಕಪ್ಪುಬಿಳುಪು ಚಿತ್ರ. ದ್ವೀಪಕ್ಕೆ ವಾರಕ್ಕೊಮ್ಮೆ ಟಪಾಲು ತರುವ ದೋಣಿಯವನು ದಡದ ಕಡೆಗೆ ಹಗ್ಗ ಎಸೆಯುತ್ತಾನೆ, ಪೋಸ್ಟ್ ಆಫೀಸಿನ ಹುಡುಗಿ ಹಿಡಿಯುತ್ತಾಳೆ. ಕಥೆ ಅಷ್ಟೇ. ಕೊನೆಯ ಗುರುವಾರ ಅವನು ಹಗ್ಗ ಎಸೆದು ತಾನೂ ದಡಕ್ಕೆ ಹಾರುತ್ತಾನೆ.

ಆ ಸಿನಿಮಾ ಎಂದರೆ ನನಗೆ ಪ್ರಾಣ. ಸಮೋವಾ ದ್ವೀಪದಿಂದ ಬಂದ ಹೊಸದರಲ್ಲಿ ನಮ್ಮಮ್ಮ ಟೀವಿಯಲ್ಲಿ ಅದನ್ನು ನೋಡಿ ನೋಡಿ ಇಂಗ್ಲಿಷ್ ಕಲಿತದ್ದು. ಅದರಲ್ಲಿ ಮಾತು ಕಡಿಮೆ, ಹಾಗಾಗಿ ಬೇಗ ಕಲಿತುಬಿಟ್ಟಳು.

ನಾನು ತಟ್ಟೆ ಎತ್ತಿಕೊಂಡು ಹೋಗಿ ಸೀದಾ ಅವನ ಎದುರು ಕೂತೆ.

"ಯಾವ ಸಿನಿಮಾಗೆ ಸವಾರಿ ಕಟ್ಬೇಕು ಅಂತ ಹೇಗೆ ತೀರ್ಮಾನ ಮಾಡ್ತೀಯ?"

ಅವನು ಐಸ್ಡ್ ಕಾಫಿಯ ಸ್ಟ್ರಾ ಕಚ್ಚಿಕೊಂಡೇ ಯೋಚಿಸಿದ. "ಸುಲಭ. ಸಿನಿಮಾದಲ್ಲಿ ಯಾರಾದ್ರೂ ಓಡ್ತಿರಬೇಕು. ಹಿಂದೆ ಏನಾದ್ರೂ ಅಟ್ಟಿಸ್ಕೊಂಡು ಬರ್ತಿರಬೇಕು."

"ಅಷ್ಟೇನಾ?"

"ಅಷ್ಟೇ. ನೀನೇ ಹೇಳು, ಪ್ರೀತಿ ಪ್ರೇಮದ ಸಿನಿಮಾಗೆ ಎಲ್ಲಾದ್ರೂ ಸವಾರಿ ಕಟ್ಟಿದ್ದು ನೋಡಿದೀಯಾ? ಬೆಲ್ಟ್ ಹಾಕ್ಕೊಂಡು ಕೂತು ಏನ್ ಮಾಡೋದು, ನಿಟ್ಟುಸಿರು ಬಿಡೋದಾ?"

"ಪಾಪ! ನಿನ್ನನ್ನ ಯಾರೂ ಪ್ರೀತಿಸಿಲ್ಲ ಅನ್ಸುತ್ತೆ. ಎಲ್ರೂ ಬರೀ ಅಟ್ಟಿಸ್ಕೊಂಡೇ ಹೋಗಿದಾರೆ."

ಅವನು ಈಗ ನಕ್ಕ. ಮೊಸಳೆಗೆ ನಗದವನು ಇದಕ್ಕೆ ನಕ್ಕ. ನಕ್ಕಾಗ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು.

"ಹಾಗಾದ್ರೆ ನಿನ್ನ ಲೆಕ್ಕದಲ್ಲಿ ಯಾವ ಸಿನಿಮಾಗೆ ಯೋಗ್ಯತೆ ಇದೆ?"

"ಮುಗಿದ ಮೇಲೂ ಅಲ್ಲಿಂದ ಏಳೋಕೆ ಮನಸ್ಸಾಗಬಾರದು. ಆ ದ್ವೀಪದಲ್ಲಿ ಇನ್ನೊಂದು ಸ್ವಲ್ಪ ಹೊತ್ತು ಇರೋಣ ಅನ್ನಿಸ್ಬೇಕು. ಅಂಥ ಸಿನಿಮಾಗೆ ಕಟ್ಟು ಸವಾರಿ. ಏಡಿ ಹತ್ರ ಯಾರು ಇರೋಕೆ ಹೋಗ್ತಾರೆ?"

ಅವನು ಸ್ಟ್ರಾ ಕಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಆ ನೋಟ ಸ್ವಲ್ಪ ಉದ್ದವಾಯಿತು. ನನ್ನ ಮೀಟ್ ಪೈ ತಣ್ಣಗಾಗಿತ್ತು, ನಾನು ಗಮನಿಸಲೇ ಇಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ನಮ್ಮ ಜಗಳ ನಡೆಯಿತು. ಇವನು ಸೈ ಅಂದರೆ ನಾನು ಥೂ ಅನ್ನುತ್ತಿದ್ದೆ. ಯಾವುದೋ ಸಿನಿಮಾಗೆ ರೋಲರ್ ಕೋಸ್ಟರ್ ಸಾಕು, ಯಾವುದೋ ಸಿನಿಮಾಗೆ ಬರೀ ಒಂದು ಚಹಾ ಅಂಗಡಿ ಕಟ್ಟಿದರೆ ಸಾಕು ಎಂದು ವಾದಿಸುತ್ತಿದ್ದೆವು. ಅಮ್ಮ ಮಾಡಿದ ತೆಂಗಿನಹಾಲಿನ ಬನ್ನು ತಂದು ಕೊಟ್ಟೆ. ಬೆರಳು ನೆಕ್ಕಿ ತಿಂದು, "ಇದಕ್ಕೂ ಒಂದು ಸವಾರಿ ಕಟ್ಬಹುದು" ಅಂದ. ನಾನು ಏನೂ ತೋರಿಸಿಕೊಳ್ಳಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ಒಬ್ಬಳೇ ನಗುತ್ತಿದ್ದೆ.

ಆದರೆ ಒಂದು ಮಾತು ನನಗೆ ಗೊತ್ತಿತ್ತು. ಏಡಿಯನ್ನು ಕಟ್ಟುವುದು ಸಿಡ್ನಿಯ ಇನ್ನೊಂದು ತಂಡ. ಏಡಿ ಗೆದ್ದರೆ ಸ್ತಾವ್ ಜಪಾನಿನ ಒಸಾಕಾದಲ್ಲಿ ಕಾದಿರುವ ಕೆಲಸಕ್ಕೆ ಹೊರಟುಬಿಡುತ್ತಾನೆ. ದೋಣಿ, ಅವನಿಗೆ ಇಷ್ಟವಿರಲಿ ಬಿಡಲಿ, ಅವನ ಪಾಲಿಗೆ ಬಂದಿತ್ತು; ಅದು ಗೆದ್ದರೆ ಕಟ್ಟುವವನು ಅವನೇ, ಎರಡು ವರ್ಷ ಇಲ್ಲೇ ಇರುತ್ತಾನೆ.

ಕಟ್ಟುವ ಮೊದಲು ಅವರದ್ದೊಂದು ಪದ್ಧತಿ ಇದೆ. ಖಾಲಿ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ನಿಲ್ಲಿಸಿ ಸವಾರಿಯ ದಾರಿ ಮಾಡುತ್ತಾರೆ. ಚಕ್ರದ ಆಫೀಸು ಕುರ್ಚಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಹಿಂದಿನಿಂದ ತಳ್ಳುತ್ತಾರೆ, "ಇಲ್ಲಿ ಸಮುದ್ರ, ಇಲ್ಲಿ ಬಂಡೆ" ಎಂದು ಬಾಯಲ್ಲೇ ಹೇಳುತ್ತಾರೆ. ಕೂತವರ ಮಣಿಕಟ್ಟಿಗೆ ಎದೆಬಡಿತ ಅಳೆಯುವ ವಾಚು. ನಮ್ಮ ಮ್ಯಾನೇಜರ್ ಗ್ಲೆನಿಸ್‌ಗೆ ಆ ವಾಚೇ ವೇದವಾಕ್ಯ. "ಬಾಯಿ ಸುಳ್ಳು ಹೇಳುತ್ತೆ, ಎದೆ ಹೇಳಲ್ಲ" ಅನ್ನುವ ಹೆಂಗಸು.

ಏಡಿಯ ದಿನ ಪೆಟ್ಟಿಗೆಯ ಹಿಂದಿನಿಂದ ಬ್ಯಾಝ್ ರಟ್ಟಿನ ಏಡಿ ಇಕ್ಕಳ ಹಿಡಿದು ಹಾರಿದ. ಎಲ್ಲರ ಎದೆಯೂ ಡವಡವ ಹೊಡೆದುಕೊಂಡಿತು. ದೋಣಿಯ ದಿನ ಒಬ್ಬರದ್ದೂ ಮಿಸುಕಲಿಲ್ಲ. ಟಿಕೆಟ್ ಕೌಂಟರಿನ ಒಬ್ಬಾಕೆಯಂತೂ ಗೊರಕೆ ಹೊಡೆದಳಂತೆ.

ಕೊನೆಗೆ ನನ್ನ ಸರದಿ ಬಂತು.

"ಕಣ್ಣು ಮುಂದೆ ಇರ್ಲಿ. ನನ್ನ ಕಡೆ ತಿರುಗಿ ಜೋಕ್ ಹೊಡೀಬೇಡ," ಅಂದ ಸ್ತಾವ್.

ಕುರ್ಚಿ ಮೆಲ್ಲಗೆ ಉರುಳಿತು. ಬೆನ್ನ ಹಿಂದೆ ಅವನ ದನಿ ಮಾತ್ರ ಕೇಳಿಸುತ್ತಿತ್ತು. "ಬೆಳಗಿನ ಜಾವ. ನೀನು ದಡದಲ್ಲಿ ನಿಂತಿದೀಯ. ದೋಣಿ ಇನ್ನೂ ಬಂದಿಲ್ಲ... ಈಗ ಕಾಣಿಸ್ತು." ಕುರ್ಚಿ ನಿಂತಿತು. ಅವನು ನನ್ನ ಭುಜದ ಮೇಲಿಂದ ಬಾಗಿ ಹಗ್ಗದ ತುದಿಯನ್ನು ನನ್ನ ಕೈಗೆ ಇಟ್ಟ. ಉಸಿರು ಕಿವಿಗೆ ತಾಗಿತು. "ಹಿಡ್ಕೋ," ಅಂದ.

ಹಿಡಿದೆ. ದೇವರೇ, ಬಿಡಲು ಮನಸ್ಸೇ ಬರಲಿಲ್ಲ.

ಸಂಜೆ ಅವನು ಓಡೋಡಿ ಬಂದ. "ಮರೇತಾ! ಹಗ್ಗದ ಹತ್ರ ನಿನ್ನ ಎದೆಬಡಿತ ಏಡಿಗಿಂತ ಮೇಲೆ ಹೋಗಿದೆ! ಉಳಿದೋರಿಗೆ ಈ ಸಿನಿಮಾ ಗೊತ್ತಿಲ್ಲ, ನಿಂಗೆ ಗೊತ್ತು, ಅದಕ್ಕೇ. ನೀನು ಹೇಳಿದ್ದೇ ಸರಿ, ನಾನೇ ದಡ್ಡ. ಏನೂ ಅಟ್ಟಿಸ್ಕೊಂಡು ಬರದೇನೂ ಎದೆ ಹೊಡ್ಕೊಳುತ್ತೆ! ನಾಳೆ ಮೀಟಿಂಗಲ್ಲಿ ಇದನ್ನೇ ಹೇಳ್ತೀನಿ. ನೀನೂ ಬಾ."

"ಬರ್ತೀನಿ," ಅಂದೆ. ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ಅವನು ಹೋದ ಮೇಲೆ ಬ್ಯಾಝ್‌ನ ತೋಳು ಹಿಡಿದು ಗೋದಾಮಿಗೆ ಎಳೆದೊಯ್ದೆ.

"ನನ್ನನ್ನ ಇನ್ನೊಂದು ಸಲ ತಳ್ಳು. ಅದೇ ದಾರಿ, ಅದೇ ಮಾತು, ಅದೇ ಥರ ಹಗ್ಗ ಕೊಡು."

ಬ್ಯಾಝ್ ತಳ್ಳಿದ. ಬಾಗಿ ಹಗ್ಗ ಕೊಟ್ಟ. ಸಾಸೇಜ್ ರೋಲಿನ ವಾಸನೆ ಬಂತು. ವಾಚಿನಲ್ಲಿ ಎದೆ ತಣ್ಣಗೆ ನಿದ್ದೆ ಹೊಡೆಯುತ್ತಿತ್ತು.

ಬ್ಯಾಝ್ ವಾಚನ್ನೂ ನನ್ನ ಮುಖವನ್ನೂ ನೋಡಿದ. "ಓಹೋ! ಹೀಗಾ ಸಮಾಚಾರ? ಮೂವತ್ತು ವರ್ಷ ಹೆಂಡ್ತಿ ಜೊತೆ ಬಾಳಿದೀನಿ ಮಾರಾಯ್ತಿ, ಇದು ಸಿನಿಮಾದ ಕಾಯಿಲೆ ಅಲ್ಲ."

"ಬಾಯಿ ಮುಚ್ಚು ಬ್ಯಾಝ್."

"ನಾನು ಮುಚ್ತೀನಮ್ಮ. ನಾಳೆ ನೀನೂ ಮುಚ್ಕೊಂಡೇ ಇರು. ಸಿನಿಮಾನೂ ಸಿಗುತ್ತೆ, ಹುಡುಗನೂ ಉಳೀತಾನೆ."

ಅವನು ಹೇಳಿದ್ದು ನಿಜ. ಸುಮ್ಮನಿದ್ದರೆ ಎರಡೂ ನನ್ನದು. ಬಾಯಿಬಿಟ್ಟರೆ ಎರಡೂ ಹೋಯಿತು. ಆ ರಾತ್ರಿ ಸುಮ್ಮನಿರುವುದೆಂದು ನಿರ್ಧರಿಸಿ ಮಲಗಿದೆ.

ಮೀಟಿಂಗಿನಲ್ಲಿ ಸಿಡ್ನಿಯ ಏಡಿಯವರು ಮೊದಲು ಮಾತಾಡಿದರು. ಆಮೇಲೆ ಸ್ತಾವ್ ಎದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಗೋಡೆಯ ಮೇಲೆ ನನ್ನ ಎದೆಬಡಿತದ ಗೆರೆ ಮೂಡಿತು. ಸಪಾಟಾಗಿ ಬಂದು ಹಗ್ಗದ ಹತ್ತಿರ ಗುಡ್ಡದಂತೆ ಎದ್ದಿತ್ತು.

ಏಡಿಯವರಲ್ಲೊಬ್ಬ ಕೊಂಕು ನಗೆ ನಕ್ಕ. "ಒಬ್ಬಳೇ ಒಬ್ಬಳ ಎದೆ ನಂಬ್ಕೊಂಡು ಸವಾರಿ ಕಟ್ತೀಯೇನಯ್ಯ?"

"ಕಟ್ತೀನಿ," ಅಂದ ಸ್ತಾವ್. "ಇಷ್ಟು ವರ್ಷದ ನನ್ನ ಹೆಸರನ್ನ ಇದರ ಮೇಲಿಡ್ತೀನಿ. ಈ ಗೆರೆ ಸುಳ್ಳಾದ್ರೆ ಮತ್ತೆ ಯಾರೂ ನಂಗೆ ಕೆಲಸ ಕೊಡೋದು ಬೇಡ."

ಅಯ್ಯೋ, ಹುಚ್ಚಪ್ಪ! ಇವನನ್ನು ಉಳಿಸಿಕೊಳ್ಳಲು ಇವನನ್ನೇ ಹಳ್ಳಕ್ಕೆ ತಳ್ಳುವುದೇ? ಎದ್ದು ನಿಂತಿದ್ದು ನನಗೇ ಗೊತ್ತಾಗಲಿಲ್ಲ.

"ಗ್ಲೆನಿಸ್, ಆ ಗೆರೆ ತೆಗೆದುಹಾಕಿ. ಅದು ಸಿನಿಮಾಗೆ ಬಂದಿದ್ದಲ್ಲ."

ಗ್ಲೆನಿಸ್ ಕನ್ನಡಕದ ಮೇಲಿಂದ ನೋಡಿದರು. "ಮತ್ತೆ ಯಾವುದಕ್ಕೆ ಬಂತು?"

"ಕುರ್ಚಿ ತಳ್ಳಿದವರಿಗೆ."

ಗ್ಲೆನಿಸ್ ಪೆನ್ನು ಕೆಳಗಿಟ್ಟರು.

"ಯಾರಮ್ಮಾ ತಳ್ಳಿದ್ದು?"

ಪ್ರೊಜೆಕ್ಟರ್ ಹಿಡಿದು ನಿಂತಿದ್ದ ಬ್ಯಾಝ್ ಎರಡೂ ಕೈ ಮೇಲೆತ್ತಿದ. "ನಾನಲ್ಲಪ್ಪ! ನಾನು ತಳ್ದಾಗ ಮಲಗಿಬಿಟ್ಟಿದ್ಲು!"

ಎಲ್ಲರ ಕಣ್ಣೂ ಸ್ತಾವ್ ಕಡೆ ತಿರುಗಿತು. ಅವನ ಕಿವಿ ಕೆಂಪಗಾಯಿತು, ಆಮೇಲೆ ಕತ್ತು, ಆಮೇಲೆ ಮುಖವೆಲ್ಲ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಓಡಿದೆ.

ಕಾರಿಡಾರಿನ ಕೊನೆಯಲ್ಲಿ ಅವನು ಹಿಡಿದುಬಿಟ್ಟ.

"ಇದನ್ನ ನಿನ್ನೆ ನನ್ನೊಬ್ಬನಿಗೇ ಹೇಳಬಹುದಿತ್ತಲ್ಲ!"

"ಒಬ್ಬರಿಗೆ ಹೇಳೋಕೆ ನನಗೆ ಬಾಯಿ ಬರಲ್ಲ," ಅಂದೆ. ಕಣ್ಣೀರು ಬಂದೇಬಿಟ್ಟಿತು. "ಗುಂಪು ಇದ್ರೆ ಮಾತ್ರ ನನ್ನ ಬಾಯಿ ಓಡೋದು. ನಿನ್ನ ಟೆಸ್ಟ್ ಹಾಳು ಮಾಡಿದೆ. ಕ್ಷಮಿಸು. ಏಡಿಯವರು ಗೆದ್ರು, ನೀನು ಹೊರಡು."

ಅವನು ಗೋಡೆಗೆ ಒರಗಿ ನೆಲ ನೋಡಿದ. "ಟೆಸ್ಟ್ ಹಾಳು ಮಾಡಿದ್ದು ನೀನಲ್ಲ, ನಾನು."

"ಏನು?"

"ಉಳಿದೋರಿಗೆಲ್ಲ ಹಗ್ಗಾನ ಮೊಳೆಗೆ ತಗುಲಿಹಾಕಿದ್ದೆ. ಅವರವರೇ ತಗೋಬೇಕಿತ್ತು. ಅದೇ ನಿಯಮ. ನಿಂಗೊಬ್ಬಳಿಗೇ ನಾನು ಬಾಗಿ ಕೊಟ್ಟಿದ್ದು. ಅದನ್ನ ಒಳಗೆ ಯಾರಿಗೂ ಹೇಳ್ಲಿಲ್ಲ. ನನಗೂ ಹೇಳ್ಕೊಂಡಿರಲಿಲ್ಲ. ಮೊಸಳೆ ಹತ್ರ ಬೈದೆಯಲ್ಲ, ಆವತ್ತಿಂದ ನಂಗೆ ನೀನೇ ಬೇಕು ಮರೇತಾ. ಸಿನಿಮಾ ಗಿನಿಮಾ ಎಲ್ಲ ಆಮೇಲೆ."

ಅವನು ಹೆಬ್ಬೆರಳಿನಿಂದ ನನ್ನ ಕೆನ್ನೆ ಒರೆಸಿದ. ನಾನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಒಸಾಕಾ?" ಅಂದೆ, ಹೇಗೋ.

ಅವನು ನನ್ನ ಕೈ ಬಿಡದೆ, ನನ್ನನ್ನೂ ಎಳೆದುಕೊಂಡು, ವಾಪಸ್ ನಡೆದು ಮೀಟಿಂಗಿನ ಬಾಗಿಲು ತಳ್ಳಿದ. ಒಳಗೆ ಏಡಿಯವರು ಒಬ್ಬರಿಗೊಬ್ಬರು ಕೈಕುಲುಕುತ್ತಿದ್ದರು. ಅವರಲ್ಲಿ ಕೆಲವರು ಸ್ತಾವ್ ಕೈಕೆಳಗೇ ಕೆಲಸ ಕಲಿತವರಂತೆ, ಅದು ನನಗೆ ಆಮೇಲೆ ಗೊತ್ತಾಯಿತು.

"ಗ್ಲೆನಿಸ್," ಅಂದ ಸ್ತಾವ್, "ಒಸಾಕಾಕ್ಕೆ ನಮ್ಮ ಕಡೆಯ ಬೇರೆ ಯಾರನ್ನಾದ್ರೂ ಕಳಿಸ್ತೀನಿ. ಈ ಏಡಿಗೆ ಕಾಲು ಮಾಡೋರು ಯಾರಾದ್ರೂ ಬೇಕಾ?"

ಕೊಂಕು ನಗೆಯವನು ಬಾಯಿ ಬಿಟ್ಟು ನೋಡಿದ. "ಕಾಲು? ನೀನು? ಅದು ಹೊಸಬರು ಮಾಡೋ ಕೆಲಸ ಕಣಯ್ಯ."

"ಗೊತ್ತು."

ಗ್ಲೆನಿಸ್ ಅವನನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏಡಿಗೆ ತುಂಬಾ ಕಾಲಿರುತ್ತಪ್ಪ. ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತೆ."

"ಇನ್ನೂ ನಾಲ್ಕು ಕಾಲು ಹೆಚ್ಚಿಗೆ ಇದ್ರೂ ಪರವಾಗಿಲ್ಲ," ಅಂದ ಸ್ತಾವ್.